ಬೈಂಡರನ ಸದ್ದಿಲ್ಲದ ಡ್ರಮ್

ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದು, ಗೋಂದು ಹಚ್ಚಿ, ರಟ್ಟು ಕಟ್ಟುವುದು ಅವನ ಕೆಲಸವಾದ್ದರಿಂದ ಬೀದಿಯವರೆಲ್ಲ ಅವನನ್ನು ಬೈಂಡರ್ ಎಂದೇ ಕರೆಯುತ್ತಾರೆ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಒಳಗೊಳಗೇ ಚುಚ್ಚುತ್ತದೆ. ತಾನು ಡ್ರಮ್ ಬಾರಿಸುವವನು, ಹೊಟ್ಟೆಪಾಡಿಗೆ ರಟ್ಟು ಕಟ್ಟುತ್ತಿದ್ದೇನೆ ಎಂದೇ ಅವನ ನಂಬಿಕೆ. ಐವತ್ತೊಂದು ದಾಟಿದ ಮೇಲೂ ಆ ನಂಬಿಕೆಯನ್ನು ಅವನು ಬಿಟ್ಟಿರಲಿಲ್ಲ.

ಹಿಂದೆ ಒಂದು ವಾದ್ಯಗೋಷ್ಠಿಯಲ್ಲಿ ಬಾರಿಸುತ್ತಿದ್ದ. ಗೋಷ್ಠಿಯವರು ತಮ್ಮತಮ್ಮಲ್ಲೇ ಮುನಿಸಿಕೊಂಡು ದಿಕ್ಕಾಪಾಲಾದ ಮೇಲೆ ಡ್ರಮ್ ಸೆಟ್ಟು ಮೂರನೇ ಮಹಡಿಯ ಅವನ ಮನೆಗೆ ಬಂತು. ಬಂದ ವಾರದಲ್ಲೇ ಕೆಳಗಿನ ಮನೆಯ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು.

"ತಪ್ಪು ತಿಳ್ಕೋಬೇಡಿ, ನಮ್ಮನೆಯವಳಿಗೆ ಹುಷಾರಿಲ್ಲ. ಸ್ವಲ್ಪ ಮೆಲ್ಲಗೆ ಬಾರಿಸಿದ್ರೆ ಉಪಕಾರ ಆಗುತ್ತೆ," ಎಂದರು.

ಅವರು ಗದರಿದ್ದರೆ ಇವನೂ ತಿರುಗಿ ನಾಲ್ಕು ಮಾತಾಡಿ, ಬಾರಿಸುತ್ತಲೇ ಇರುತ್ತಿದ್ದನೇನೋ. ಕೈಮುಗಿದು ಕೇಳಿದರಲ್ಲ, ಅದೇ ಇವನ ಗ್ರಹಚಾರವಾಯಿತು. ಮನುಷ್ಯ ಅಷ್ಟೊಂದು ಸಂಕೋಚದವನಾಗಬಾರದು.

ಲಾರಿ ಟ್ಯೂಬು ಕತ್ತರಿಸಿ ಒಂದೊಂದು ಡ್ರಮ್ಮಿಗೂ ರಬ್ಬರು ಹೊದಿಸಿದ. ಸೆಟ್ಟಿನ ಹಿತ್ತಾಳೆ ತಟ್ಟೆಗಳಿಗೆ ಹಳೇ ಬನಿಯನ್ ಸುತ್ತಿದ. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಹೊಟ್ಟೆಗೆ ಎರಡು ಕಂಬಳಿ ತುರುಕಿದ. ಕೈಯ ಸದ್ದನ್ನು ಗೋಡೆ ಹೇಗೋ ತಡೆಯುತ್ತದೆ, ಕಾಲಿನ ಸದ್ದು ಮಾತ್ರ ನೆಲದೊಳಗೆ ಇಳಿದು ಸೀದಾ ಕೆಳಗಿನವರ ನೆತ್ತಿಗೆ ಬಡಿಯುತ್ತದೆ. ಅದಕ್ಕೆಂದು ಎರಡು ಪ್ಲೈವುಡ್ ಹಲಗೆಗಳಿಗೆ ತೂತು ಕೊರೆದು, ನಡುವೆ ಟೆನಿಸ್ ಚೆಂಡುಗಳನ್ನು ಕೂರಿಸಿ, ಇಡೀ ಸೆಟ್ಟನ್ನು ಅದರ ಮೇಲೆ ಹತ್ತಿಸಿದ. ಆದರೂ ಅವನಿಗೆ ಸಮಾಧಾನವಿಲ್ಲ. ಕೊನೆಗೆ, ಪೆಡಲಿನ ಬಡಿಗೆ ಡ್ರಮ್ಮಿಗೆ ತಾಗಲು ಇನ್ನೊಂದು ಬೆರಳಿನಷ್ಟು ದೂರವಿದೆ ಎನ್ನುವಾಗ ಕಾಲನ್ನು ಗಕ್ಕನೆ ತಡೆದು ನಿಲ್ಲಿಸುವುದನ್ನು ಕಲಿತ. ಏಟು ಬಿತ್ತು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ.

"ಇಷ್ಟು ಚಂದಕ್ಕೆ ಸುಮ್ನೆ ಕೂತು ನೆನೆಸ್ಕೊಳ್ಳಿ. ಮಂಡಿನೋವಾದ್ರೂ ತಪ್ಪುತ್ತೆ," ಎಂದು ಹೆಂಡತಿ ರೇಗಿಸುತ್ತಿದ್ದಳು.

"ಒಂದಿನ ಕರೀತಾರೆ ಕಣೇ. ಕೈ ತಪ್ಪಿಹೋಗಿರಬಾರದು," ಎನ್ನುತ್ತಿದ್ದ.

ಹೀಗೆ ಹನ್ನೊಂದು ವರ್ಷ, ಪ್ರೆಸ್ಸಿನಿಂದ ಬಂದು ಕೈಗಂಟಿದ ಗೋಂದು ತೊಳೆದು, ದಿನಾ ಸಂಜೆ ಐದರಿಂದ ಆರು.

ಕರೆದೂ ಕರೆದರು. ಗೋಷ್ಠಿಯ ಯಜಮಾನ, ಇವರೆಲ್ಲ ಆರ್ಗನ್ ಅಣ್ಣ ಎನ್ನುವ ಹಿರಿಯ, ಫೋನ್ ಮಾಡಿ, "ಮತ್ತೆ ಎಲ್ಲಾ ಸೇರ್ತಾ ಇದೀವಿ. ಭಾನುವಾರ ಬಾರಪ್ಪ," ಎಂದ. ಬೈಂಡರನಿಗೆ ಆ ವಾರವೆಲ್ಲ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪ್ರೆಸ್ಸಿನಲ್ಲಿ ಒಂದು ಪುಸ್ತಕಕ್ಕೆ ತಲೆಕೆಳಗಾಗಿ ರಟ್ಟು ಹಾಕಿ ಬೈಸಿಕೊಂಡ.

ಭಾನುವಾರ, ಗೋಷ್ಠಿಯವರು ಅಭ್ಯಾಸಕ್ಕೆಂದು ಹಿಡಿದಿದ್ದ ಗೋದಾಮಿನಲ್ಲಿ ಹಾಡು ಶುರುವಾಗಿ ಎರಡು ಸಾಲು ಮುಗಿದಿರಲಿಲ್ಲ, ಹಾಡುವಾಕೆ ನಿಲ್ಲಿಸಿ ಹಿಂದೆ ತಿರುಗಿದಳು. "ಡ್ರಮ್ ಇನ್ನೂ ಶುರು ಮಾಡಿಲ್ವಾ?"

"ಬಾರಿಸ್ತಾ ಇದೀನಲ್ಲಮ್ಮ," ಎಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಜೋರಾಗಿ ಹೊಡೆಯಲು ಹೋದ, ಲಯ ಎಕ್ಕುಟ್ಟಿತು. ಲಯ ಹಿಡಿದರೆ ಸದ್ದಿಲ್ಲ. ಕಾಲಂತೂ ಪ್ರತಿ ಸಲವೂ ಡ್ರಮ್ಮಿನ ಹತ್ತಿರ ಹೋಗಿ, ತಾಗದೆ ನಿಂತುಬಿಡುತ್ತಿತ್ತು. ಆರ್ಗನ್ ಅಣ್ಣ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದ.

"ಲಯ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆದ್ರೆ ಕೇಳಿಸ್ಬೇಕಲ್ಲಪ್ಪ? ಹದಿನೈದು ದಿನ ತಗೋ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ತೀನಿ, ಬೇಜಾರು ಮಾಡ್ಕೋಬೇಡ."

ಈ ವಯಸ್ಸಿನಲ್ಲಿ ಇನ್ನೊಂದು ಸಲ ಯಾರೂ ಕರೆಯುವುದಿಲ್ಲ ಎಂಬುದು ಬೈಂಡರನಿಗೆ ಗೊತ್ತಿತ್ತು. ಸಂಕೋಚವನ್ನೆಲ್ಲ ನುಂಗಿಕೊಂಡು ಅಂದು ಸಂಜೆಯೇ ಮೇಷ್ಟ್ರ ಬಾಗಿಲಲ್ಲಿ ನಿಂತ. ಹದಿನೈದು ದಿನ ಡ್ರಮ್ ಜೋರಾಗಿ ಬಾರಿಸಬೇಕಾಗಿದೆ, ಒಪ್ಪಿಗೆ ಕೊಡಬೇಕು ಎಂದು ಕೇಳಿಕೊಂಡ.

"ಯಾವ ಡ್ರಮ್ಮು?" ಮೇಷ್ಟ್ರು ಕನ್ನಡಕ ತೆಗೆದು ನೋಡಿದರು. "ಅವತ್ತೇ ಮಾರಿಬಿಟ್ರಿ ಅಂದ್ಕೊಂಡಿದ್ವಲ್ರೀ. ನಾವು ಕೇಳಿದ್ದು ಆ ಹತ್ತು ದಿನಕ್ಕೆ. ಅವಳಿಗೆ ಟೈಫಾಯ್ಡ್ ಆಗಿತ್ತು."

"ಮೆಲ್ಲಗೆ ಅಂದಿದ್ದು, ನಿಲ್ಲಿಸಿ ಅಂತಲ್ಲ," ಎಂದು ಒಳಗಿನಿಂದ ಮೇಷ್ಟ್ರ ಹೆಂಡತಿಯ ದನಿ ಬಂತು. "ಬಾರಿಸಲಿ ಬಿಡಿ, ನಮಗೂ ಹೊತ್ತು ಹೋಗುತ್ತೆ."

ಬೈಂಡರ್ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದ. ಒಂದು ಸಲ ಕೆಳಗಿಳಿದು ಬಂದು, ಈಗ ಹೇಗಿದ್ದಾರೆ ಎಂದು ವಿಚಾರಿಸಿದ್ದರೆ ಸಾಕಿತ್ತು. ದಿನಾ ಮೆಟ್ಟಿಲಲ್ಲಿ ಆ ಹೆಂಗಸು ತರಕಾರಿ ಚೀಲ ಹಿಡಿದು ಎದುರಾಗುತ್ತಿದ್ದಳು, ಇವನು ತಲೆ ತಗ್ಗಿಸಿಕೊಂಡು ದಾಟಿ ಹೋಗುತ್ತಿದ್ದ. ಸಿಟ್ಟು ಮಾಡೋಣವೆಂದರೆ ತಾನಲ್ಲದೆ ಬೇರೆ ಯಾರೂ ಸಿಗಲಿಲ್ಲ.

ಮನೆಗೆ ಬಂದವನೇ ರಬ್ಬರು, ಬನಿಯನ್ ಎಲ್ಲ ಕಿತ್ತು ಹಾಕಿದ. ಕಂಬಳಿ ಹೊರಗೆಳೆದ, ಹಲಗೆ ಸರಿಸಿ ಸೆಟ್ಟನ್ನು ಬರೀ ನೆಲದ ಮೇಲಿಟ್ಟ. ಬರಿ ಡ್ರಮ್ಮಿನ ಮುಂದೆ ಕೂತಾಗ ಅವನಿಗೆ ನಿಜವಾಗಿಯೂ ಭಯವಾಯಿತು. ಕೋಲು ಎತ್ತಿದರೆ ಮಣಿಕಟ್ಟು ತಾನಾಗಿ ಮೆತ್ತಗಾಗುತ್ತಿತ್ತು. ಕಾಲನ್ನು ನೋಡುತ್ತಾ ಬಾರಿಸಿದರೆ ಏಟು ಬೀಳುತ್ತಿತ್ತು, ಆದರೆ ತಡವಾಗಿ. ಮರೆತು ಬಾರಿಸಿದರೆ ಬೀಳುತ್ತಲೇ ಇರಲಿಲ್ಲ. ಕಾಲಿಗೆ ಬೈದ, ಬೂಟು ಹಾಕಿ ನೋಡಿದ, ಪೆಡಲಿನ ಸ್ಪ್ರಿಂಗ್ ಸಡಿಲಿಸಿದ. ಹದಿನಾಲ್ಕನೇ ದಿನ ಒಂದು ಇಡೀ ಹಾಡು ಬಾರಿಸಿ, ಬೆವರು ಒರೆಸಿಕೊಂಡು, "ಹೇಗಿತ್ತು?" ಎಂದ.

"ಚೆನ್ನಾಗಿತ್ತು," ಎಂದಳು ಹೆಂಡತಿ. ಎಂದವಳು ಅಲ್ಲಿ ನಿಲ್ಲದೆ ಅಡುಗೆಮನೆಗೆ ಹೋದಳು. ಅವನು ಅದನ್ನು ನಂಬಿದ. ಅಂದು ಹೊಟ್ಟೆ ತುಂಬ ಊಟ ಮಾಡಿದ.

ಮಾರನೇ ಸಂಜೆ ಪ್ರೆಸ್ಸಿನಿಂದ ಬರುವಾಗ ಮೇಷ್ಟ್ರು ಮೆಟ್ಟಿಲಲ್ಲಿ ಸಿಕ್ಕಿ, ಅಕ್ಕರೆಯಿಂದ ಅವನ ತೋಳು ಹಿಡಿದರು. "ಏನ್ರೀ ಇದು, ನಾವಾಗೇ ಒಪ್ಪಿದ ಮೇಲೂ ಇಷ್ಟೊಂದು ಸಂಕೋಚಾನಾ? ಇಬ್ರೂ ದಿನಾ ಐದು ಗಂಟೆಗೆ ಟಿವಿ ಆರಿಸಿ ಕಾಯ್ತೀವಿ. ನಿಮ್ಮನೇಲಿ ಹಾಸಿಗೆ ಕೊಡವೋ ಸದ್ದು ಬಿಟ್ರೆ ಇನ್ನೇನೂ ಕೇಳಿಸಲ್ಲ. ಯಾವಾಗ ಶುರು ಮಾಡ್ತೀರಿ?"

"ಮಾಡ್ತೀನಿ ಮೇಷ್ಟ್ರೇ," ಎಂದ.

ಮೇಲೆ ಹೋಗಿ, ಚಪ್ಪಲಿಯನ್ನೂ ಬಿಡದೆ ಆರ್ಗನ್ ಅಣ್ಣನಿಗೆ ಫೋನ್ ಮಾಡಿ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿದ.