ಸೀಟಿ ಮಾವನನ್ನು ಬೈದವರು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವರ ಕಸುಬು. ವಾರಕ್ಕೊಮ್ಮೆ ಕಪ್ಪು ಚಡ್ಡಿ ತೊಟ್ಟು ಫುಟ್‌ಬಾಲ್ ಮೈದಾನಕ್ಕಿಳಿದು ರೆಫರಿಯಾಗುವುದು ಅವರ ಹುಚ್ಚು. ಬೀದಿಯ ಮಂದಿಗೆಲ್ಲ ಅವರು ಸೀಟಿ ಮಾವ. ಕನ್ನಡಕ ಮಾಡುವವರೇ ರೆಫರಿಯಾದರೆ ನೋಡುವವರು ಸುಮ್ಮನೆ ಬಿಡುತ್ತಾರೆಯೇ? "ನಿಂಗೂ ಒಂದು ಕನ್ನಡಕ ಮಾಡ್ಕೊಳ್ಳೋ!" ಎಂದು ಕೂಗುತ್ತಿದ್ದರು. ಅದಕ್ಕೆ ಮಾವನಿಗೂ ನಗು ಬರುತ್ತಿತ್ತು.

ನಗು ಬಾರದಿದ್ದದ್ದು ಇಂಗ್ಲಿಷ್ ಬೈಗುಳಕ್ಕೆ. ಸಿಟ್ಟು ನೆತ್ತಿಗೇರಿದವರಿಗೆ ಅದೇಕೋ ಮನೆಮಾತು ಸಾಲದು. ಮೊದಲ ವರ್ಷ ಯಾರೋ "ಸ್ಟುಪಿಡ್!" ಎಂದು ಅರಚಿದಾಗ ಮಾವ ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದು, ಊಟ ಬೇಡವೆಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ಅವರ ಅಕ್ಕ ಅದೇ ಮನೆಯ ಮಹಡಿಯಲ್ಲಿದ್ದರು. ಅವರು ಕೆಳಗಿಳಿದು ಬಂದರು.

"ಏನಂದ್ರೋ ನಿಂಗೆ?"

"ಸ್ಟುಪಿಡ್ ಅಂದ್ರು."

"ಲ್ಯಾಟಿನ್‌ನಲ್ಲಿ ಅದರ ಮೂಲ, ದಂಗಾಗಿ ನಿಲ್ಲೋದು ಅಂತ. ಏಟು ಬಿದ್ದೋರ ಥರ ನಿಂತಿದ್ಯಾ?"

ಮಾವ ಯೋಚಿಸಿದರು. "ಚೆಂಡು ಬಂದ ರಭಸಕ್ಕೆ ಒಂದು ಗಳಿಗೆ ಹಾಗೇ ನಿಂತಿದ್ದೆ ಕಣಕ್ಕ."

"ಹಾಗಾದ್ರೆ ಅವನು ಬೈದಿಲ್ಲ, ವರದಿ ಒಪ್ಪಿಸಿದಾನೆ. ಏಳು, ಊಟ ಮಾಡು."

ಅಂದಿನಿಂದ ಪಂದ್ಯ ಮುಗಿಸಿ ಬಂದವರೇ, ಬೂಟು ಬಿಚ್ಚುವ ಮೊದಲೇ, ಮೆಟ್ಟಿಲ ಬುಡದಲ್ಲಿ ನಿಂತು ಅಂದಿನ ಬೈಗುಳವನ್ನು ಅಕ್ಕನಿಗೆ ಒಪ್ಪಿಸುವುದು ರೂಢಿಯಾಯಿತು. 'ಸಿಲ್ಲಿ' ಎಂದರೆ ಹಿಂದೆ ಭಾಗ್ಯವಂತ. ಭಾಗ್ಯವಂತ ಬರಬರುತ್ತಾ ಮುಗ್ಧನಾದ, ಮುಗ್ಧ ಪಾಪದವನಾದ, ಪಾಪದವನು ಕೊನೆಗೆ ಪೆದ್ದನಾದ. 'ನೈಸ್' ಇದಕ್ಕೆ ತಿರುಗುಮುರುಗು. ಏನೂ ಅರಿಯದ ದಡ್ಡನಿಗೆ ಅನ್ನುತ್ತಿದ್ದ ಮಾತು ಈಗ 'ಸೊಗಸು' ಎಂದಾಗಿ ಕೂತುಬಿಟ್ಟಿದೆ. "ಮಾತುಗಳೂ ಮನುಷ್ಯರ ಹಾಗೇ ಕಣೋ. ಕೆಲವು ಹಾಳಾಗ್ತವೆ, ಕೆಲವು ಉದ್ಧಾರ ಆಗ್ತವೆ," ಎನ್ನುತ್ತಿದ್ದರು ಅಕ್ಕ. ಮಾವನ ಹೆಂಡತಿ ಮಾತ್ರ ಹಣೆ ಚಚ್ಚಿಕೊಳ್ಳುತ್ತಿದ್ದರು: "ಬೈಸ್ಕೊಂಡು ಬಂದೋರು ಅಳ್ತಾರೆ. ಇವರು ಪಾಠ ಹೇಳಿಸ್ಕೋತಾರೆ!"

ಹೀಗಿರುವಾಗ ಒಂದು ವರ್ಷದ ಕೊನೆಯ ಪಂದ್ಯ. ಮೈದಾನವೆಲ್ಲ ಕೆಸರು. ಆಟ ಮುಗಿಯುವ ಹೊತ್ತಿಗೆ ಮಾವ ಒಂದು ತಂಡದ ವಿರುದ್ಧ ಪೆನಾಲ್ಟಿ ಕೊಟ್ಟರು. ಸಸಿ ಮಾರುವ ತೋಟದಲ್ಲಿ ಕೆಲಸ ಮಾಡುವ, ಆ ತಂಡದ ಆನೆಯಂಥ ನಾಯಕ, "ವಿಲನ್! ವಿಲನ್!" ಎಂದು ಕೈಯೆತ್ತಿ ಓಡಿಬಂದವನು ಕೆಸರಿನಲ್ಲಿ ಜಾರಿ ಸೀದಾ ಮಾವನ ಮೇಲೆಯೇ ಬಿದ್ದ. ಮಾವನ ಮಣಿಕಟ್ಟು ಉಳುಕಿತು.

ಆ ವಾರವೆಲ್ಲ ಅವರಿಗೆ ನಗು ಮರೆತೇಹೋಗಿತ್ತು. ಬಟ್ಟೆ ಸುತ್ತಿದ ಕೈಯಲ್ಲಿ ಗಾಜು ನಿಲ್ಲುತ್ತಿರಲಿಲ್ಲ. ಫುಟ್‌ಬಾಲ್ ಸಂಘದವರು ವಿಚಾರಣೆಗೆ ಕರೆದರು. ಮಾವ ಒಂದು ಮಾತು ಹೇಳಿದರೆ ಆ ನಾಯಕ ಮತ್ತೆಂದೂ ಆಡುವಂತಿಲ್ಲ. "ಹೇಳೇ ಹೇಳ್ತೀನಿ, ನೋಡ್ತಿರು," ಎಂದು ಹೊರಟವರನ್ನು ಅಕ್ಕ ಬಾಗಿಲಲ್ಲಿ ತಡೆದರು. ತಡೆಯಬೇಡ ಎಂದು ರೇಗಿದ ತಮ್ಮನ ಕಿವಿಗೆ ಎರಡು ಮಾತು ಹಾಕಿದರು. ಮಾವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಮಣಿಕಟ್ಟು ನೋಯುವಷ್ಟು ನಕ್ಕರು.

ಸಂಘದ ಕೋಣೆಯಲ್ಲಿ ಅಧ್ಯಕ್ಷರು ಕೇಳಿದರು: "ಇವನು ನಿಮಗೆ ಇನ್ಸಲ್ಟ್ ಮಾಡಿದ್ನೋ ಇಲ್ವೋ, ಅಷ್ಟು ಹೇಳಿ ಸಾಕು."

"ಲ್ಯಾಟಿನ್‌ನಲ್ಲಿ ಇನ್ಸಲ್ಟ್ ಅಂದ್ರೆ ಮೈಮೇಲೆ ನೆಗೆಯೋದಂತೆ. ಆ ಲೆಕ್ಕದಲ್ಲಿ ಮಾಡೋಕೇ ಬಂದಿದ್ದ. ಆದ್ರೆ ನೆಗೀಲಿಲ್ಲ, ಜಾರಿದ. ಕೆಳಗಿದ್ದೋನು ನಾನು, ನಂಗೆ ಗೊತ್ತಲ್ಲ."

"ವಿಲನ್ ಅಂದ್ನಂತೆ?"

"ಅಂದ. ಹಿಂದೆ ಅದು ದೊರೆಗಳ ಜಮೀನಲ್ಲಿ ದುಡಿಯೋ ಆಳಿಗೆ ಇದ್ದ ಹೆಸರಂತೆ. ನಂಗೆ ಒಂದು ಗಿಡ ನೆಡೋಕೂ ಬರಲ್ಲ ಸ್ವಾಮಿ. ದಿನಾ ಮಣ್ಣು ಕೆದಕೋನು ಅವನು. ಪಾಪ, ತನ್ನ ಹೆಸರನ್ನೇ ನಂಗೆ ಕೊಟ್ಟುಬಿಟ್ಟ."

ಮೊದಲು ನಕ್ಕದ್ದು ಆ ನಾಯಕನೇ. ನಗುತ್ತಲೇ ಎದ್ದುಬಂದು, ಮಾವನ ಒಳ್ಳೆಯ ಕೈ ಹಿಡಿದುಕೊಂಡ. "ತಪ್ಪಾಯ್ತು ಮಾವ. ನೋಯಿಸ್ಬೇಕು ಅಂತಿರ್ಲಿಲ್ಲ. ಆದ್ರೆ ಅದು ಪೆನಾಲ್ಟಿ ಅಲ್ಲ."

"ಪೆನಾಲ್ಟಿನೇ."

"ಅಲ್ಲ ಮಾವ!"

"ಹೌದೋ!"

ಅಧ್ಯಕ್ಷರು ಮೇಜು ಗುದ್ದಿದರು. "ಅಷ್ಟು ಗೊತ್ತಿದ್ರೆ ಬರೋ ವರ್ಷ ನೀನೇ ಸೀಟಿ ಊದಪ್ಪ. ಅದೇ ನಿಂಗೆ ಶಿಕ್ಷೆ."

ಹೀಗೆ ಆ ನಾಯಕನನ್ನು ರೆಫರಿಗಿರಿಗೆ ತಳ್ಳಿದರು. ಅವನ ಮೊದಲ ಪಂದ್ಯಕ್ಕೆ ಮಾವ ಹೆಂಡತಿಯನ್ನೂ ಅಕ್ಕನನ್ನೂ ಕರೆದುಕೊಂಡು ಹೋದರು. ಜನರ ನಡುವೆ ಕೂತು ಆಟ ನೋಡುವುದು ಅವರಿಗೆ ಹೊಸದು. ಸ್ವಲ್ಪ ಹೊತ್ತು ಗಂಭೀರವಾಗಿಯೇ ಇದ್ದರು. ಅಷ್ಟರಲ್ಲಿ ಆಟಗಾರನೊಬ್ಬನ ಮೊಣಕೈಗೆ ಚೆಂಡು ತಾಗಿತು, ಸೀಟಿ ಮೊಳಗಲಿಲ್ಲ. ಮಾವ ಚಂಗನೆ ಎದ್ದು ನಿಂತರು. "ಅಯ್ಯೋ ದಂಡಪಿಂಡ! ಕೈಗೆ ತಾಗಿದ್ದು ಕಾಣ್ಲಿಲ್ವೇನೋ?"

"ಕೂತ್ಕೊಳ್ರೀ, ಮಾನ ಹೋಗುತ್ತೆ!" ಎಂದು ಹೆಂಡತಿ ಅಂಗಿ ಜಗ್ಗಿದರು.

ಆಟ ನಿಂತಿತು. ಹೊಸ ರೆಫರಿ ಗಂಭೀರವಾಗಿ ಗೆರೆಯವರೆಗೆ ನಡೆದುಬಂದ, ಜೇಬಿನಿಂದ ಹಳದಿ ಕಾರ್ಡು ತೆಗೆದು, ಮಾವನ ಕಡೆಗೆ ಎತ್ತಿ ಹಿಡಿದ.