ನಿಧಿಯ ಷಡ್ಜ ಮತ್ತು ನಾನು ಹೇಳದೇ ಬಿಟ್ಟ ಒಂದು ಮಾತು

ಐದೂ ತಪ್ಪು.

ಪಿಯಾನೋ ಮುಂದೆ ಕೂತು ಆಡಿಷನ್ ನಡೆಸ್ತಿದ್ದ ಡಾಕ್ಟರ್ ಲಿಮ್ ಹಾಳೆ ಮೇಲೆ ಐದನೇ ಇಂಟು ಹಾಕಿ ನನ್ನ ಕಡೆ ನೋಡಿದರು. "ಕ್ಯಾನಾಟ್ ಲಾ", ಆಗಲ್ಲ ಬಿಡಿ, ಅನ್ನೋ ನೋಟ. ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಮಲೇಷ್ಯಾದ ಸುಬಾಂಗ್ ಜಯಾದಲ್ಲಿರೋ ಒಂದು ಯೂನಿವರ್ಸಿಟಿಯ ಮ್ಯೂಸಿಕ್ ಡಿಪಾರ್ಟ್‌ಮೆಂಟಿನಲ್ಲಿ ನಾನು ಸ್ಟೂಡೆಂಟ್ ಅಡ್ವೈಸರ್. ಪಾಠ ಮಾಡೋದಿಲ್ಲ. ಡಿಗ್ರಿಗೆ ಮಕ್ಕಳನ್ನ ಹುಡುಕಿ ತರೋದು, ಆಡಿಷನ್‌ಗೆ ತಯಾರು ಮಾಡೋದು, ಸೇರಿದ ಮೇಲೆ ಯಾವ ಸಬ್ಜೆಕ್ಟ್ ತಗೋಬೇಕು ಅಂತ ಹೇಳೋದು, ಅತ್ತರೆ ಟಿಶ್ಯೂ ಕೊಡೋದು... ಇಷ್ಟೇ ನನ್ನ ಸಂಗೀತ ಸೇವೆ.

ಈ ಹುಡುಗಿ ನಿಧಿಯನ್ನ ಕರೆತಂದವಳೂ ನಾನೇ. ನಮ್ಮ ಕನ್ನಡದವರ ಮನೆಯೊಂದರ ಪೂಜೆಯಲ್ಲಿ ಅವಳು ಹಾಡಿದ್ದು ಕೇಳಿ, ಪ್ರಸಾದ ತಿನ್ನೋದೂ ಮರೆತು ಅವಳಮ್ಮ ಶೋಭಾ ಬೆನ್ನು ಬಿದ್ದಿದ್ದೆ.

ಅವಳಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಆಡಿಷನ್ ಪಾಸಾದರೆ ಮ್ಯೂಸಿಕ್, ಇಲ್ಲದಿದ್ದರೆ ಸೋಮವಾರದಿಂದ ಫಾರ್ಮಸಿ. ಅಲ್ಲಿ ಸೀಟು ಆಗಲೇ ಸಿಕ್ಕಿತ್ತು.

ಅವತ್ತು ಶುಕ್ರವಾರ. ಹೊರಗೆ ಬೆಂಚಿನ ಮೇಲೆ ಶೋಭಾ, ಮಾಮಕ್ ಹೋಟೆಲಿಂದ ಟಪಾವ್ ಮಾಡಿಸಿದ, ಅಂದರೆ ಪಾರ್ಸೆಲ್ ಕಟ್ಟಿಸಿದ ರೋಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಪರೀಕ್ಷೆ ಏನೂ ಕಷ್ಟದ್ದಲ್ಲ. ಪಿಯಾನೋದಲ್ಲಿ ಐದು ಪುಟ್ಟ ಟ್ಯೂನ್ ನುಡಿಸ್ತಾರೆ, ಒಂದೊಂದೂ ಬೇರೆ ಬೇರೆ ಕೀನಲ್ಲಿ, ಅಂದರೆ ಬೇರೆ ಬೇರೆ ಶ್ರುತಿಯಲ್ಲಿ. ಕೇಳಿ ಹಾಗೇ ಹಾಡಬೇಕು. ನಾನು ನಿಧಿಗೆ ಹೇಳಿದ್ದೂ ಅಷ್ಟೇ, "ಅವರು ನುಡಿಸಿದ ಟ್ಯೂನ್ ವಾಪಸ್ ಹಾಡು ಪುಟ್ಟಾ, ಮುಗೀತು."

ಮೊದಲನೇದು ತಪ್ಪಿದಾಗ ಗಾಬರಿ ಇರಬೇಕು ಅಂದುಕೊಂಡೆ. ಎರಡನೇದೂ ತಪ್ಪಿತು. ಸುಮ್ಮನಿದ್ದ ಹುಡುಗಿಗೆ ಆಸೆ ಹುಟ್ಟಿಸಿದವಳು ನಾನು ತಾನೇ...

ಮೂರನೇದಕ್ಕೆ ನನ್ನ ಕಿವಿ ನೆಟ್ಟಗಾಯ್ತು.

ಚಿಕ್ಕವಳಿದ್ದಾಗ ಮೈಸೂರಲ್ಲಿ ಆರು ವರ್ಷ ವೀಣೆ ಕಲಿತು ಬಿಟ್ಟವಳು ನಾನು. ಅಷ್ಟು ಸಾಕಾಯ್ತು ಗೊತ್ತಾಗೋಕೆ. ಟ್ಯೂನ್ ಸರಿಯಾಗೇ ಇದೆ. ಪಿಯಾನೋ ಎಲ್ಲಿಂದ ಶುರು ಮಾಡಿದರೂ ಇವಳು ಮಾತ್ರ ತನ್ನ ಶ್ರುತಿಗೆ ತಂದುಕೊಂಡು ಹಾಡ್ತಿದ್ದಾಳೆ.

ನಮ್ಮ ಸಂಗೀತ ಕಲಿತವರು ಹಾಗೇ ಅಲ್ವಾ? ಯಾರ ದನಿಯಲ್ಲಿ ಕೇಳಿ ಕಲಿತರೂ ಹಾಡೋದು ನಮ್ಮ ಷಡ್ಜದಿಂದಲೇ. "ಅವರ ಕೀನಲ್ಲೇ ಹಾಡು" ಅಂತ ನಾನು ಹೇಳಬೇಕಿತ್ತು. ನನಗೆ ಹೊಳೆಯಲೇ ಇಲ್ಲ.

ಅಡ್ವೈಸರ್ ಆಡಿಷನ್ ಮಧ್ಯೆ ಮಾತಾಡೋ ಹಾಗಿಲ್ಲ. ಐದನೇ ಇಂಟು ಬಿದ್ದ ಮೇಲೆ, ಟ್ಯೂನ್ ತಪ್ಪಿಲ್ಲ, ಅವಳು ತನ್ನ ಶ್ರುತಿಯಲ್ಲಿ ಹಾಡ್ತಿದ್ದಾಳೆ ಅಂತ ಹೇಳಿಬಿಟ್ಟೆ.

ಲಿಮ್ ಹುಬ್ಬು ಗಂಟಿಕ್ಕಿಕೊಂಡೇ ಅವಳಿಂದ ಮತ್ತೆ ಐದನ್ನೂ ಹಾಡಿಸಿದರು, ಈ ಸಲ ಅವಳು ಹಾಡಿದ ಶ್ರುತಿಯಲ್ಲೇ ಹಿಂದೆ ಹಿಂದೆ ತಾವು ನುಡಿಸುತ್ತಾ. ಒಂದು ಸ್ವರ ಆಚೀಚೆ ಇಲ್ಲ. ಐದೂ ಒಂದೇ ಷಡ್ಜದಿಂದ.

ತಂಬೂರಿ ಇಲ್ಲ, ಶ್ರುತಿ ಬಾಕ್ಸ್ ಇಲ್ಲ. ಅರ್ಧ ಗಂಟೆಯಿಂದ ಕಿವಿ ತುಂಬ ಪಿಯಾನೋ ಬೇರೆ.

ಲಿಮ್‌ಗೆ ಇನ್ನೂ ನಂಬಿಕೆ ಬರಲಿಲ್ಲ. ಪಕ್ಕದ ರೂಮಲ್ಲಿ ಗಮೆಲಾನ್ ಪ್ರಾಕ್ಟೀಸ್ ನಡೀತಿತ್ತು. ಆ ಕಂಚಿನ ವಾದ್ಯಗಳ ಶ್ರುತಿ ಪಿಯಾನೋಗೂ ಹೊಂದಲ್ಲ, ನಮ್ಮ ಹಾಡಿಗೂ ಹೊಂದಲ್ಲ. ಅಲ್ಲಿ ಇಪ್ಪತ್ತು ನಿಮಿಷ ಕೂತು ಬಾ ಅಂತ ಕಳಿಸಿದರು.

ನಿಧಿ ವಾಪಸ್ ಬಂದಳು. "ಸಿಂಗ್ ಯುವರ್ ಸಾ," ಅಂದರು ಲಿಮ್. ಆ ಪದ ನಾನು ಅಷ್ಟರಲ್ಲಿ ಹೇಳಿಕೊಟ್ಟಿದ್ದೆ.

ಅವಳು ಕಣ್ಣು ಮುಚ್ಚಿ ಹಾಡ್ತಾಳೆ. ಮೊದಲು ಅವಳ ಸಾ ಇದ್ದ ಕೀಯನ್ನ ಲಿಮ್ ಮೆಲ್ಲಗೆ ಒತ್ತುತ್ತಾರೆ.

ಎರಡೂ ಒಂದೇ... ಪಿಯಾನೋ ಸದ್ದು ಅಡಗಿದ ಮೇಲೆ ಉಳಿದಿದ್ದು ಅವಳ ದನಿ ಅಂತ ತಿಳಿಯೋಕೆ ನನಗೆ ಒಂದು ಕ್ಷಣ ಬೇಕಾಯ್ತು.

ಮೈಮೇಲಿನ ರೋಮವೆಲ್ಲ ಎದ್ದು ನಿಂತಿತ್ತು. ಲಿಮ್ ಅದೇ ಕೀಯನ್ನ ಇನ್ನೊಂದು ಸಲ ಒತ್ತಿ ನೋಡಿದರು.

ಹೇಗೆ ಅಂತ ಕೇಳಿದರೆ ಅವಳಿಗೆ ಅದೊಂದು ವಿಷಯವೇ ಅಲ್ಲ. ಪಕ್ಕದ ಊರು ಕ್ಲಾಂಗ್‌ನ ತಮಿಳು ಸಂಗೀತ ಟೀಚರ್ ಎಂಟನೇ ವಯಸ್ಸಿಂದ ಮಾಡಿಸಿದ ಅಭ್ಯಾಸವಂತೆ. ಬೆಳಿಗ್ಗೆ ಶ್ರುತಿ ಬಾಕ್ಸ್ ಹಾಕಿ ಸಾ ಹಾಡಿ ಆಫ್ ಮಾಡೋದು. ಸ್ಕೂಲಿಗೆ ಹೋಗಿ ಬಂದು, ಬಾಕ್ಸ್ ಹಾಕೋ ಮುಂಚೆ ಮತ್ತೆ ಸಾ ಹಾಡೋದು. ಆಮೇಲೆ ಹಾಕಿ ನೋಡೋದು.

"ಫಸ್ಟ್ ತ್ರೀ ಇಯರ್ಸ್ ಆಲ್ವೇಸ್ ರಾಂಗ್ ಲಾ, ಆಂಟಿ," ಅಂದಳು.

ಮೂರು ವರ್ಷ ದಿನಾ ತಪ್ಪು ಹಾಡಿ, ನಾಲ್ಕನೇ ವರ್ಷವೂ ಹಾಡಿದ್ದಾಳಲ್ಲ ಈ ಮಗು. ನಾನು ಒಂದು ವರ್ಣ ನುಡಿಸೋಕೆ ಬರಲಿಲ್ಲ ಅಂತ ಬೇಜಾರಾಗಿ ವೀಣೆ ಬಿಟ್ಟವಳು.

ಕೊನೆಗೆ ಲಿಮ್, ತಾವು ನುಡಿಸಿದ ಕೀನಲ್ಲೇ ಹಾಡೋಕಾಗುತ್ತಾ ಅಂತ ಕೇಳಿದರು. ಐದು ಹೊಸ ಟ್ಯೂನ್. ಐದಕ್ಕೆ ಐದು.

ಯಾವಾಗಲೂ ಇಂಗ್ಲಿಷಲ್ಲೇ ಉತ್ತರ ಕೊಡೋ ನಿಧಿ ನನ್ನ ಕಡೆ ತಿರುಗಿ, "ಹಿಂಗೆ ಬೇಕಿತ್ತಾ ಆಂಟಿ? ಹೇಳ್ಬೇಕಿತ್ತು," ಅಂದಳು. ನಾಚಿಕೆಯಾಯ್ತು ನನಗೆ.

ಸೀಟು ಸಿಕ್ಕಿತು. ಅವಳಿಗೆ ಪಾಶ್ಚಾತ್ಯ ಸಂಗೀತದ ಸ್ಟಾಫ್ ನೊಟೇಷನ್ ಓದೋಕೆ ಬರಲ್ಲ, ಅದಕ್ಕೆ ಮೊದಲ ಸೆಮಿಸ್ಟರ್ ಎಕ್ಸ್‌ಟ್ರಾ ಕ್ಲಾಸ್. ಟೈಮ್‌ಟೇಬಲ್ ನಾನೇ ಕೂತು ಹಾಕಿಕೊಟ್ಟೆ. ಶೋಭಾ ತಣ್ಣಗಾದ ರೋಟಿ ಪೊಟ್ಟಣ ನನ್ನ ಕೈಗಿಟ್ಟು ಕಣ್ಣೊರೆಸಿಕೊಂಡರು.

ಹೊರಡುವಾಗ ಲಿಮ್ ಐದು ಇಂಟು ಹಾಕಿದ್ದ ಹಾಳೆಯನ್ನ ಇನ್ನೊಂದು ಸಲ ನೋಡಿದರು. ಇವಳಿಗಿಂತ ಮುಂಚೆ ಹೀಗೆ ಎಷ್ಟು ಜನ ಬಂದಿದ್ದರು ಅಂತ ಕೇಳಿದರು.

ನನಗೆ ಇಬ್ಬರು ಚೆನ್ನಾಗಿ ನೆನಪಿದ್ದಾರೆ. ಇಬ್ಬರೂ ನಮ್ಮ ಸಂಗೀತ ಕಲಿತವರು, ಇಬ್ಬರಿಗೂ ಐದೂ ತಪ್ಪು. ಟಿಶ್ಯೂ ಕೊಟ್ಟು, ಬೇರೆ ಕೋರ್ಸ್ ನೋಡ್ಕೋಮ್ಮಾ ಅಂತ ಕಳಿಸಿದವಳು ನಾನೇ.

ಇವತ್ತು ಹಳೇ ಫೈಲ್ ತೆಗೆದು ಇಬ್ಬರ ನಂಬರೂ ಹುಡುಕಿಟ್ಟುಕೊಂಡು ಕೂತಿದ್ದೀನಿ... ಫೋನ್ ಎತ್ತಿದರೆ ಏನಂತ ಮಾತು ಶುರು ಮಾಡಲಿ, ಹೇಳ್ತೀರಾ?