ತೊಟ್ಟಿಗೆ ತುಂಬಿದ ಸಿಹಿನೀರು

ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ನೀರು ಸಿಹಿಯಾಗಿತ್ತು. ಬಾವಿಯ ನೀರು ಸಿಹಿಯಾದರೆ ಊರೇ ಹಿಗ್ಗುತ್ತದೆ. ಮಂಜುಗಡ್ಡೆ ಕಾರ್ಖಾನೆಯ ತೊಟ್ಟಿಯ ನೀರು ಸಿಹಿಯಾದರೆ ಕೆಲಸ ಕೆಟ್ಟಿತೆಂದೇ ಅರ್ಥ.

ಮೈಸೂರಿನಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕು. ಗಟ್ಟಿ ಉಪ್ಪುನೀರಿನ ದೊಡ್ಡ ತೊಟ್ಟಿ, ಅದರೊಳಗೆ ಅಮೋನಿಯಾ ಹರಿಯುವ ಕೊಳವೆಗಳು, ನಡುವೆ ಇಳಿಬಿಟ್ಟ ಸಿಹಿನೀರಿನ ಡಬ್ಬಗಳು. ಉಪ್ಪುನೀರು ತಾನು ಹೆಪ್ಪುಗಟ್ಟದೆ ಡಬ್ಬದ ನೀರನ್ನು ಹೆಪ್ಪುಗಟ್ಟಿಸುತ್ತದೆ. ಈ ಯಂತ್ರದ ಕಾಯಿಲೆ ಕಂಡುಹಿಡಿಯುವುದು ನನ್ನ ಕಸುಬು. ಅದೇ ನನ್ನನ್ನು ಘಟ್ಟ ಇಳಿಸಿ ಕಾರವಾರಕ್ಕೆ ತಂದಿತು.

ಬಂದಾಗಿನಿಂದ ಬೆಚ್ಚಿಬೀಳುವುದೇ ನನ್ನ ದಿನಚರಿ. ಕನ್ನಡ ಬಲ್ಲೆನೆಂಬ ಜಂಬದಿಂದ ಬಂದವನು ನಾನು. ಕಾರ್ಖಾನೆಯ ಯಜಮಾನರದು ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ, ನನ್ನೊಡನೆ ಎರಡನ್ನೂ ಕಲಸಿದ ಕನ್ನಡ. ಮಂಜುಗಡ್ಡೆ ಇಲ್ಲಿ ‘ಬರ್ಫ’. ನಮ್ಮಲ್ಲಿ ಮುದ್ದೆ ನುಂಗಿದರೆ ಊಟ. ಇಲ್ಲಿ ಕುಚ್ಚಲಕ್ಕಿ ಅನ್ನ, ಮೇಲೆ ಮುರುಗಲು ಹುಳಿಯ ‘ಸೋಲಕಡಿ’. ಮೀನು ಮುಟ್ಟದ ಮನೆಯವನಿಗೆ ಬಾಡಿಗೆ ಕೋಣೆ ಸಿಕ್ಕಿದ್ದು ಒಣಮೀನಿನ ಉಗ್ರಾಣದ ಪಕ್ಕದಲ್ಲಿ. ಮೊದಲ ವಾರ ಮೂಗು ಮುಚ್ಚಿಕೊಂಡು ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಡಬ್ಬ ತುಂಬುವ ಕೆಲಸಕ್ಕೆ ಅವರ್ಸಾ ಊರಿನಿಂದ ಬರುವ ದೇವಿ ಎಂಬವಳೊಬ್ಬಳೇ ನನ್ನ ಕ್ಷೇಮ ವಿಚಾರಿಸುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಯಜಮಾನರು ನನ್ನನ್ನು ಅಂಕೋಲೆಯ ಹತ್ತಿರದ ಕೇಣಿಗೆ ಕಳಿಸಿದರು. ಅಲ್ಲಿಯವರು ಹಿಡಿದ ಬಂಗಡೆ ಮೀನನ್ನೆಲ್ಲ ಉಪ್ಪು ಹಾಕಿ ಒಣಗಿಸುತ್ತಾರೆ. ಹಸಿಮೀನನ್ನೇ ಬರ್ಫದಲ್ಲಿಟ್ಟು ಮುಂಬಯಿ ಹಡಗಿಗೆ ಏರಿಸೋಣವೆಂದು ನಾನು ಒಪ್ಪಿಸಬೇಕಿತ್ತು. ಬಲೆಯ ಒಡೆಯ ಹಮ್ಮಣ್ಣ ಸುಲಭಕ್ಕೆ ಜಗ್ಗಲಿಲ್ಲ. ಕೊನೆಗೆ, ನಿಮ್ಮ ಮಾತಿನ ಮೇಲೆ ಈ ಸಲ ಉಪ್ಪು ಮುಟ್ಟುವುದಿಲ್ಲ ಎಂದ. ಕೇರಿಯವರ ಮೀನನ್ನೆಲ್ಲ ಹೇರಿಕೊಂಡು ಅವನ ಮಚವೆ, ಎಂದರೆ ಹಾಯಿದೋಣಿ, ಹೊರಟಿತು. ನಾನು ಮೋಟಾರಿನಲ್ಲಿ ಮುಂಚೆಯೇ ಕಾರವಾರ ಸೇರಿದೆ.

ಬಂದು ನೋಡಿದರೆ ಡಬ್ಬಗಳಲ್ಲಿ ಬರೀ ತಣ್ಣೀರು. ಯಂತ್ರ ಓಡುತ್ತಲೇ ಇತ್ತು, ಆದರೆ ಅನಿಲ ಎಳೆಯುವ ಕಡೆಯ ಒತ್ತಡದ ಮುಳ್ಳು ಪಾತಾಳಕ್ಕೆ ಇಳಿದಿತ್ತು. ಅಮೋನಿಯಾ ಸೋರಿರಬೇಕೆಂದು ಗಂಧಕದ ಬತ್ತಿ ಹಚ್ಚಿ ಕೀಲುಕೀಲಿಗೂ ಹಿಡಿದೆ. ಸೋರುವಲ್ಲಿ ಬಿಳಿ ಹೊಗೆ ಏಳಬೇಕು, ಎಲ್ಲೂ ಏಳಲಿಲ್ಲ. ಕವಾಟ ಕಟ್ಟಿಕೊಂಡಿದೆಯೇ ಎಂದು ಬಿಚ್ಚಿದೆ, ಸ್ವಚ್ಛವಾಗಿತ್ತು. ಕೊನೆಗೆ ತೊಟ್ಟಿಯ ಹಲಗೆ ಎತ್ತಿದೆ. ಕೊಳವೆಗಳ ಸುತ್ತ ತೊಡೆ ಗಾತ್ರ ಮಂಜು ಕಟ್ಟಿ, ತಂಪು ಆಚೆ ದಾಟದಂತೆ ತಡೆದಿತ್ತು. ಬೆರಳು ಅದ್ದಿದ್ದು ಆಗಲೇ. ಉಪ್ಪಿಲ್ಲದ ನೀರು ಕೊಳವೆಗೇ ಹೆಪ್ಪುಗಟ್ಟಿತ್ತು. ನನ್ನನ್ನು ನಂಬಿದವರ ಮೀನು ಕಡಲಲ್ಲಿ ಬರುತ್ತಿತ್ತು, ಕೊಳವೆಗಂಟಿದ, ಕೀಳಲಾಗದ ಮಂಜು ಬಿಟ್ಟರೆ ನನ್ನ ಕೈಯಲ್ಲಿ ಒಂದು ಚೂರು ಬರ್ಫವಿರಲಿಲ್ಲ.

ಯಾರು ಮಾಡಿದ್ದೆಂದು ಕೂಗಾಡಿದೆ. ದೇವಿ ಹಿಗ್ಗಿನಿಂದಲೇ ಮುಂದೆ ಬಂದಳು. ತೊಟ್ಟಿಯ ಅಂಚಿನ ಸುಣ್ಣದ ಪಟ್ಟೆ, ಹಬ್ಬದ ಹಂಡೆಗೆ ಕಟ್ಟುವ ಹಿಂಡಲೆಕಾಯಿಯ ಬಳ್ಳಿ ನನ್ನ ಕಣ್ಣಿಗೆ ಬಿದ್ದದ್ದು ಆಗ. ನಾನು ಕೇಣಿಯಲ್ಲಿದ್ದಾಗ, ಹಬ್ಬಕ್ಕೆಂದು ಯಂತ್ರ ನಿಲ್ಲಿಸಿದ ಮೇಲೆ ಹೆಂಗಸರೆಲ್ಲ ಸೇರಿ ಹಳೆಯ ನೀರನ್ನು ಹರಿಯಬಿಟ್ಟು, ತೊಟ್ಟಿ ತಿಕ್ಕಿ, ಬಾವಿಯಿಂದ ಕೊಡಕೊಡವಾಗಿ ಹೊತ್ತು ತುಂಬಿದ್ದರು.

“ಹಳೇ ನೀರು ಇಟ್ಕಂಡು ಹಬ್ಬ ಮಾಡೂಕೆ ಆತದ್ಯಾ ಒಡ್ಯಾ? ನಿಮ್ಗೆ ಇಲ್ಲಿ ನೀರು ತುಂಬೂಕೆ ಯಾರಿದ್ರು?”

ನೀರು ತುಂಬುವ ಹಬ್ಬ ನಮ್ಮಲ್ಲೂ ಇದೆ. ಅಮ್ಮ ಹಂಡೆ ಬೆಳಗಿ, ಪಟ್ಟೆ ಬಳಿದು, ಹೊಸ ನೀರು ತುಂಬುತ್ತಾಳೆ. ಅದು ಯಾವ ದಿನವೆಂದು ಈ ವರ್ಷ ನನಗೆ ನೆನಪೇ ಆಗಿರಲಿಲ್ಲ. ಕೂಗಾಡುವುದು ಬಿಟ್ಟು, ಎತ್ತಿದ್ದ ಹಲಗೆಯನ್ನು ಮತ್ತೆ ಮುಚ್ಚಿದೆ.

ಅಷ್ಟರಲ್ಲಿ ಮಚವೆ ದಡ ಮುಟ್ಟಿತು. ಅಂಗಳದಲ್ಲಿ ತೊಟ್ಟಿಗೆಂದು ತರಿಸಿದ ಉಪ್ಪಿನ ಮೂಟೆಗಳಿದ್ದವು. ತೊಟ್ಟಿಗೆ ಹಾಕಿದರೂ ಬರ್ಫ ಕಾಣಲು ಎರಡು ದಿನ ಬೇಕು. ಮೀನು ಸಂಜೆಯವರೆಗೂ ತಡೆಯುವಂತಿರಲಿಲ್ಲ. ತೊಟ್ಟಿಗೇ ಹಾಕು ಎಂದರು ಯಜಮಾನರು. ನಾನು ಮೂಟೆ ಬಿಚ್ಚಿ ಹಮ್ಮಣ್ಣನ ಮುಂದೆ ಸುರಿದೆ, ನಡೆದದ್ದನ್ನೂ ಹೇಳಿದೆ. ಅವನು ಒಂದು ಹಿಡಿ ಉಪ್ಪು ಎತ್ತಿ ನೋಡಿದ.

“ಕೂತ್ಕಳಿ,” ಎಂದ ಆಮೇಲೆ. “ಉಪ್ಪು ಹಚ್ಚೂಕೆ ನಮ್ ಕೈ ಸಾಲೂದಿಲ್ಲ.”

ಕೂತೆ. ಮೊದಲ ಮೀನು ಕೈಯಿಂದ ಜಾರಿ ಬಿತ್ತು, ಮತ್ತೆ ಎತ್ತಿಕೊಂಡೆ. ತನ್ನಿಂದ ಏನಾಯಿತೆಂದು ತಿಳಿದ ದೇವಿ ಅಳುತ್ತಲೇ ಪಕ್ಕದಲ್ಲಿ ಕೂತು, ಹೊಟ್ಟೆ ಸೀಳಿ ಉಪ್ಪು ತುಂಬುವುದನ್ನು ತೋರಿಸಿಕೊಟ್ಟಳು. ಮೀನು ಮುಂಬಯಿಗೆ ಹೋಗಲಿಲ್ಲ, ಆದರೆ ಕೊಳೆಯಲೂ ಇಲ್ಲ. ಯಜಮಾನರು ನನ್ನೊಡನೆ ಇನ್ನೂ ಮಾತು ಬಿಟ್ಟಿದ್ದಾರೆ.

ಹುಣಸೆ, ಬೂದಿ ಎರಡನ್ನೂ ಹಚ್ಚಿ ತಿಕ್ಕಿದರೂ ಕೈಯ ವಾಸನೆ ಹೋಗಿಲ್ಲ. ಇಲ್ಲಿ ಯಾರಿಗೂ ಅದು ತಿಳಿಯುವುದಿಲ್ಲ. ಅಮ್ಮ ಊರಿಗೆ ಬಾ ಎನ್ನುತ್ತಿದ್ದಾಳೆ. ಹೋಗಬೇಕೆಂಬ ಆಸೆ ನನಗೂ ಬಹಳ ಇದೆ. ಆದರೆ ಈ ಕೈಯಿಂದ ಅವಳ ಹಂಡೆ ಮುಟ್ಟಿದರೆ, ಪಾಪ, ಅವಳು ಆ ನೀರನ್ನೆಲ್ಲ ಚೆಲ್ಲಿ ಮತ್ತೆ ತುಂಬಬೇಕಾಗುತ್ತದೆ.